ನೀರಿಗೆ ಕೊಟ್ಟ ಊರು, ಕಾಗದಕ್ಕೆ ಬಾರದ ನೆಲ

ಮುಂಗಾರು ಕಾಲಿಟ್ಟಿತೆಂದರೆ ದಾವಣಗೆರೆ ಸೀಮೆಯ ಮನೆಗಳಲ್ಲಿ ಪತ್ರಿಕೆಯ ಒಂದು ಮೂಲೆಗೆ ಏಕಾಏಕಿ ಬೆಲೆ ಬರುತ್ತದೆ. ಜಲಾಶಯಗಳ ನೀರಿನ ಮಟ್ಟ ತಿಳಿಸುವ ಚಿಕ್ಕ ಪಟ್ಟಿ ಅದು. ಆವರಗೆರೆಯ ಅಜ್ಜ ಕನ್ನಡಕ ಏರಿಸಿಕೊಂಡು ಮೊದಲು ಹುಡುಕುವುದು ಭದ್ರೆಯನ್ನು. ಗರಿಷ್ಠ ಮಟ್ಟ 186 ಅಡಿ, ಇಂದು ಎಷ್ಟು? ಅಣೆಕಟ್ಟು ತುಂಬಿದರೆ ನಾಲೆಗೆ ನೀರು, ನಾಲೆಗೆ ನೀರು ಬಂದರೆ ಗದ್ದೆಗೆ ಭತ್ತ. ಹರಿಹರದವರ ಕಣ್ಣು ಊರ ಮಗ್ಗುಲಲ್ಲೇ ಹರಿಯುವ ತುಂಗಭದ್ರೆಯ ಮೇಲೆ. ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿರುತ್ತದೆ: ಲಿಂಗನಮಕ್ಕಿ, ಗರಿಷ್ಠ ಮಟ್ಟ 1,819 ಅಡಿ. ಈ ಕಡೆಯವರು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಅಲ್ಲಿಂದ ಇಲ್ಲಿಗೆ ನೀರು ಬರುವುದಿಲ್ಲವಲ್ಲ! ಬರುವುದು ಕರೆಂಟು.

ಪರೀಕ್ಷೆಗೆ ಓದುವ ಹುಡುಗಿಯ ಮೇಜಿನ ದೀಪ, ಅಂಗಳದ ಬೋರ್‌ವೆಲ್ ಮೋಟಾರು, ಹಿಟ್ಟಿನ ಗಿರಣಿ ಇವೆಲ್ಲ ತಿರುಗಲು ಉರಿಯಲು ಬೇಕಾದ ವಿದ್ಯುತ್ತು ರಾಜ್ಯದ ಒಂದೇ ಜಾಲದಲ್ಲಿ ಹರಿದು ಬರುತ್ತದೆ. ಆ ಜಾಲಕ್ಕೆ ಶರಾವತಿ ಕಣಿವೆ ಆರು ದಶಕಗಳಿಂದ ಸುರಿಯುತ್ತ ಬಂದಿದೆ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಆರಂಭವಾಗುವವರೆಗೆ ಕರ್ನಾಟಕ ನೆಚ್ಚಿಕೊಂಡಿದ್ದದ್ದು ಜಲವಿದ್ಯುತ್ತನ್ನೇ. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಪಠ್ಯಪುಸ್ತಕದಲ್ಲಿ ಈ ಅಂಕಿ ಸಿಗುತ್ತದೆ, ಪರೀಕ್ಷೆಯಲ್ಲಿ ಕೇಳುತ್ತಾರೆ, ಮಕ್ಕಳು ಬರೆದು ಅಂಕ ಪಡೆಯುತ್ತಾರೆ.

ಪಠ್ಯಪುಸ್ತಕದಲ್ಲಿ ಸಿಗದ್ದು ಇನ್ನೊಂದಿದೆ. 1,819 ಅಡಿ ಎನ್ನುವುದು ನೀರಿನ ಮಟ್ಟ ಮಾತ್ರವಲ್ಲ. ಸಮುದ್ರಮಟ್ಟದಿಂದ ಅಷ್ಟು ಎತ್ತರದಲ್ಲಿ ಬೆಟ್ಟ ಬಯಲುಗಳ ಮೇಲೆ ಎಳೆದ ಕಾಣದ ಗೆರೆಯೂ ಹೌದು. ಆ ಗೆರೆಯ ಕೆಳಗಿದ್ದ ಮನೆ, ಗದ್ದೆ, ಅಡಿಕೆ ತೋಟ, ದೇವಸ್ಥಾನ, ಸ್ಮಶಾನ ಎಲ್ಲವೂ ನೀರಿನ ಪಾಲಾದವು. ಮೇಲಿದ್ದವು ಉಳಿದವು. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳು ಈ ಗೆರೆಗೆ ಸಿಕ್ಕಿದವು. ಆ ಹಳ್ಳಿಗಳಿಂದ ಎದ್ದು ಹೋದವರಿಗೆ ಸರ್ಕಾರ ಬದಲಿ ನೆಲ ಕೊಟ್ಟಿತು. ಅರ್ಧ ಶತಮಾನ ಕಳೆದ ಮೇಲೂ ಆ ನೆಲದಲ್ಲಿ ಬಹುಪಾಲು ಅವರ ಹೆಸರಿಗೆ ಬಂದಿರಲಿಲ್ಲ. ಇದು ಆ ನೆಲದ ಕಥೆ.

ಎರಡು ಅಣೆಕಟ್ಟು, ಎರಡು ಮುಳುಗಡೆ

ಶರಾವತಿಗೆ ಮೊದಲು ಕಟ್ಟೆ ಕಟ್ಟಿದ್ದು ಮೈಸೂರು ಅರಸರ ಕಾಲದಲ್ಲಿ. ಜೋಗದ ಬುಡದಲ್ಲಿ ವಿದ್ಯುತ್ ಉತ್ಪಾದಿಸಲು ವರ್ಷವಿಡೀ ನೀರು ಬೇಕಿತ್ತು. ಮಳೆಗಾಲದಲ್ಲಿ ಅಬ್ಬರಿಸುವ ಹೊಳೆ ಬೇಸಿಗೆಯಲ್ಲಿ ಬಡವಾಗುತ್ತಿತ್ತು. ಅದಕ್ಕಾಗಿ ಮೇಲ್ಭಾಗದಲ್ಲಿ, ಮಡೆನೂರಿನ ಬಳಿ, ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಮುಂದೆ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಾಯಿತು. ಆಗಲೇ ಒಂದಿಷ್ಟು ಹಳ್ಳಿಗಳು ನೀರಿಗೆ ಹೋದವು. ಅಲ್ಲಿಂದ ಎದ್ದವರಲ್ಲಿ ಕೆಲವರು ಹತ್ತಿರದಲ್ಲೇ, ನೀರು ಬಾರದ ಎತ್ತರ ನೋಡಿ, ಹೊಸ ಮನೆ ಕಟ್ಟಿಕೊಂಡರು.

ಆ ಎತ್ತರ ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸುಮಾರು 150 ಟಿಎಂಸಿ ನೀರು ಹಿಡಿಯಬಲ್ಲ ಈ ಹೊಸ ಜಲಾಶಯ ಎಷ್ಟು ದೊಡ್ಡದೆಂದರೆ, ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಅದರ ಹೊಟ್ಟೆಯಲ್ಲಿ ಮುಳುಗಿಹೋಯಿತು. ಎರಡು ದಶಕವೂ ತುಂಬದ ಗಟ್ಟಿ ಕಟ್ಟೆ! ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮತ್ತೆ ತಲೆ ಎತ್ತುತ್ತದೆ. ಅದರ ಸೈಫನ್‌ಗಳು ಇನ್ನೂ ಗಟ್ಟಿಮುಟ್ಟಾಗಿರುವುದನ್ನು ನೋಡಲು ಜನ ಬರುತ್ತಾರೆ. ಆದರೆ ಹಿರೇಭಾಸ್ಕರದಿಂದ ಎದ್ದು ಬಂದು ಎರಡನೆಯ ಸಲವೂ ಮನೆ ಬಿಚ್ಚಬೇಕಾಗಿ ಬಂದವರ ಬಗ್ಗೆ ಅಲ್ಲಿ ಯಾವ ಫಲಕವೂ ಮಾತಾಡುವುದಿಲ್ಲ.

ಮುಳುಗಿದ್ದು ಹಳ್ಳಿಗಳಷ್ಟೇ ಅಲ್ಲ. ಉಳಿದವರ ದಾರಿಯೂ ಮುಳುಗಿತು. ಕರೂರು ಮತ್ತು ಬಾರಂಗಿ ಹೋಬಳಿಗಳ ಊರುಗಳು, ತುಮರಿ ಮತ್ತು ಸುತ್ತಮುತ್ತಲಿನವು, ಮೂರು ಕಡೆ ಹಿನ್ನೀರು ಸುತ್ತುವರಿದು ದ್ವೀಪದಂತಾದವು. ಸಾಗರ ಪೇಟೆಗೆ ಹೋಗಲು ಲಾಂಚ್ ಹಿಡಿಯಬೇಕು, ಇಲ್ಲವೇ ಕಾಡು ಸುತ್ತಿ ಹೋಗಬೇಕು. ರಾತ್ರಿ ಹೆರಿಗೆ ನೋವು ಬಂದರೆ? ಹಾವು ಕಚ್ಚಿದರೆ? ಕಾಲೇಜಿಗೆ ಹೋಗುವ ಮಕ್ಕಳು ಲಾಂಚಿನ ವೇಳೆಗೆ ತಮ್ಮ ಓದನ್ನು ಹೊಂದಿಸಿಕೊಂಡು ಬೆಳೆದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಅಣೆಕಟ್ಟು ಮುಗಿದ 61 ವರ್ಷಕ್ಕೆ.

ಇಡೀ ನಾಡಿಗೆ ಬೆಳಕು ಕೊಟ್ಟ ಹಿನ್ನೀರಿನ ಹಳ್ಳಿಗಳು ತಾವು ಬಹಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು ಎಂಬುದನ್ನು ಮಲೆನಾಡಿನವರು ಕಹಿಯಾಗಿ ನಗುತ್ತ ಹೇಳುತ್ತಾರೆ. ನಾ. ಡಿಸೋಜ ಅವರಿಗೆ ಈ ಕಹಿ ಹತ್ತಿರದಿಂದ ಗೊತ್ತಿತ್ತು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಪ್ರದೇಶದಲ್ಲೇ ಕೆಲಸ ಮಾಡಿದ ಅವರು ಮುಳುಗಡೆಯನ್ನೇ ವಸ್ತುವಾಗಿಸಿಕೊಂಡು ಕಾದಂಬರಿಗಳನ್ನು ಬರೆದರು. ಅವುಗಳಲ್ಲಿ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಚಲನಚಿತ್ರವಾಗಿಸಿದರು. ಗಜಾನನ ಶರ್ಮ ಅವರ ‘ಪುನರ್ವಸು’ ಕೂಡ ಇದೇ ಕಣಿವೆಯ ಕಥೆ.

ಗೇಣಿದಾರನಿಗೆ ಏನು ಸಿಕ್ಕಿತು?

ಇಲ್ಲಿ ಇತಿಹಾಸ ಓದುವ ವಿದ್ಯಾರ್ಥಿಗಳು ಮೂರು ಇಸವಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 1951, 1964, 1974.

1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಭತ್ತ ಅಳೆಯುವ ಕೊಳಗದ ಗಾತ್ರದಿಂದ ಶುರುವಾದ ಜಗಳ ಉಳುವವನಿಗೇ ಭೂಮಿ ಎಂಬ ಬೇಡಿಕೆಯವರೆಗೆ ಬೆಳೆಯಿತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಬೇಡಿಕೆ ದೇವರಾಜ ಅರಸರ ಸರ್ಕಾರದ ತಿದ್ದುಪಡಿಯ ಮೂಲಕ ನಿಜವಾಗಿ ಜಾರಿಗೆ ಬಂದದ್ದು 1974ರಲ್ಲಿ. ನಡುವೆ, 1964ರಲ್ಲಿ, ನೀರು ಬಂತು.

ಇದರ ಅರ್ಥವೇನು? ಹೊಲ ಉಳುತ್ತಿದ್ದವನು ಗೇಣಿದಾರ, ದಾಖಲೆಯಲ್ಲಿ ಒಡೆಯ ಬೇರೆ. ಮುಳುಗಡೆಯ ಪರಿಹಾರ ಹೋಗುವುದು ದಾಖಲೆಯಲ್ಲಿ ಹೆಸರಿದ್ದವನಿಗೆ. ಇನ್ನು ಹತ್ತೇ ವರ್ಷ ಆ ಗದ್ದೆ ನೀರಿನ ಮೇಲಿದ್ದಿದ್ದರೆ ಗೇಣಿದಾರ ಡಿಕ್ಲರೇಶನ್ ಹಾಕಿ ಅದರ ಒಡೆಯನಾಗುತ್ತಿದ್ದ. ಸಾಗರದ ಎತ್ತರದ ಊರುಗಳಲ್ಲಿ ಹಾಗೆ ಆದವರು ಬೇಕಾದಷ್ಟು ಮಂದಿ. ತಗ್ಗಿನ ಊರಿನವನು ಮಾತ್ರ ಕಾಯಿದೆ ಬರುವ ಹೊತ್ತಿಗೆ ಬೇರೆಲ್ಲೋ ಕಾಡಿನಲ್ಲಿ ಬೇರು ಕೀಳುತ್ತಿದ್ದ.

ಎದ್ದವರನ್ನು 1960ರ ಆಸುಪಾಸಿನಲ್ಲಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಅರಣ್ಯಭೂಮಿಗೆ ಕಳಿಸಲಾಯಿತು. ಲಾರಿಯಲ್ಲಿ ಪಾತ್ರೆ ಪಗಡೆ, ದನ ಕರು, ಬಿಚ್ಚಿದ ಮನೆಯ ತೊಲೆ ಹೇರಿಕೊಂಡು ಹೋದ ಕಥೆಯನ್ನು ಮುಳುಗಡೆಯ ಪ್ರತಿ ಕುಟುಂಬವೂ ಹೇಳುತ್ತದೆ. ಇಳಿಸಿದ ಕಡೆ ಊರಿರಲಿಲ್ಲ. ಮರ ಕಡಿದು, ಬಾವಿ ತೋಡಿ, ಆನೆ ಹಂದಿಗಳ ಜೊತೆ ಜಗಳವಾಡಿ, ಚಳಿಜ್ವರ ತಿಂದು ಅವರು ಊರು ಮಾಡಿದರು. ಒಂದೇ ಊರಿನವರು ನಾಲ್ಕು ದಿಕ್ಕಿಗೆ ಚದುರಿದ್ದೂ ಉಂಟು. ಹೊಸ ಜಾಗದಲ್ಲಿ ಗದ್ದೆ ಕಟ್ಟಿದರು, ಅಡಿಕೆ ಸಸಿ ಇಟ್ಟರು, ಹಳೆಯ ಊರಿನ ದೇವರನ್ನು ಮತ್ತೆ ಕೂರಿಸಿದರು. ನೆಲ ಕೊಟ್ಟವರು ಸರ್ಕಾರದವರೇ ಆದ್ದರಿಂದ ಅದರ ಕಾಗದ ಸರಿಯಾಗಿಯೇ ಇದೆ ಎಂದು ಅವರು ನಂಬಿದ್ದರೆ ತಪ್ಪೆನ್ನಲಾಗದು.

ಕಾಗದ ಸರಿ ಇರಲಿಲ್ಲ. ಕಂದಾಯ ಇಲಾಖೆ ಜನರನ್ನು ಕೂರಿಸಿತು. ಆದರೆ ಅರಣ್ಯ ಇಲಾಖೆಯ ಪುಸ್ತಕದಲ್ಲಿ ಆ ನೆಲ ಅರಣ್ಯವಾಗಿಯೇ ಉಳಿಯಿತು. ಅರಣ್ಯದ ಪಟ್ಟಿಯಿಂದ ಜಮೀನನ್ನು ಬಿಡಿಸುವ ಕೆಲಸಕ್ಕೆ ಡಿನೋಟಿಫಿಕೇಶನ್ ಎನ್ನುತ್ತಾರೆ. 1960ರ ದಶಕದಲ್ಲಿ ರಾಜ್ಯ ಸರ್ಕಾರ ಮನಸ್ಸು ಮಾಡಿದ್ದರೆ ತಾನೇ ಒಂದು ಅಧಿಸೂಚನೆ ಹೊರಡಿಸಿ ಅದನ್ನು ಮುಗಿಸಬಹುದಿತ್ತು. ಸಾವಿರಾರು ಎಕರೆಯ ಬಗ್ಗೆ ಆ ಕೆಲಸ ಆಗಲೇ ಇಲ್ಲ. ಹೀಗಿರುವಾಗ 1980ರ ಅಕ್ಟೋಬರಿನಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂತು. ಅಂದಿನಿಂದ ಅರಣ್ಯಭೂಮಿಯನ್ನು ಬಿಡಿಸಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಇಪ್ಪತ್ತು ವರ್ಷ ತೆರೆದಿದ್ದ ಬಾಗಿಲು, ಯಾರೂ ಒಳಗೆ ಹೋಗದೆಯೇ ಮುಚ್ಚಿಕೊಂಡಿತು.

ಪಹಣಿ ಇಲ್ಲದ ಬದುಕು

ಪೇಟೆಯ ಓದುಗರಿಗೆ ಪಹಣಿ ಎಂದರೆ ಒಂದು ಹಾಳೆ. ಹಳ್ಳಿಯಲ್ಲಿ ಅದೇ ಬಂಡವಾಳ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬ್ಯಾಂಕಿನಲ್ಲಿ ಬೆಳೆಸಾಲ ದೊರೆಯುವುದು ಕಷ್ಟ. ಅಡಿಕೆಗೆ ಕೊಳೆರೋಗ ಬಂದು ಬೆಳೆ ಹೋದರೆ ಪರಿಹಾರದ ಪಟ್ಟಿಯಲ್ಲಿ ಅವನ ಹೆಸರು ಬರುವುದಿಲ್ಲ. ಜಮೀನಿನ ಒಡೆತನವನ್ನೇ ಆಧಾರವಾಗಿಟ್ಟುಕೊಂಡ ಕೇಂದ್ರದ ಕಿಸಾನ್ ಸಮ್ಮಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿಯೂ ಅವನ ಕೈಗೆ ಎಟುಕದು. ಮಗಳನ್ನು ಎಂಜಿನಿಯರಿಂಗಿಗೆ ಸೇರಿಸಲು ದೊಡ್ಡ ಮೊತ್ತದ ಸಾಲಕ್ಕೆ ಹೋದರೆ ಒತ್ತೆ ಇಡಲು ತೋಟವಿದೆ, ಆದರೆ ತೋಟ ತನ್ನದೆನ್ನಲು ಕಾಗದವಿಲ್ಲ. ಅಣ್ಣತಮ್ಮಂದಿರು ಪಾಲಾಗಬೇಕೆಂದರೆ ಪಂಚರ ಮುಂದೆ ಬಾಯಿಮಾತು, ಹೆಚ್ಚೆಂದರೆ ಬಿಳಿ ಹಾಳೆಯ ಕರಾರು. ತಾಲ್ಲೂಕು ಕಚೇರಿಯಲ್ಲಿ ಅದು ನಡೆಯುವುದಿಲ್ಲ.

ಇದಕ್ಕಿಂತ ನೋವಿನ ಸಂಗತಿಯೆಂದರೆ ಹಳೆಯ ಪಹಣಿ ಇದೆ! ಅದು ನೀರಿನ ಅಡಿಯ ಜಮೀನಿನದು.

ಹಲವು ಹೋರಾಟಗಳ ನಂತರ ರಾಜ್ಯ ಸರ್ಕಾರ 2015ರಿಂದ ಈಚೆಗೆ ಎಚ್ಚೆತ್ತುಕೊಂಡು ಒಂದರ ಹಿಂದೊಂದು ಡಿನೋಟಿಫಿಕೇಶನ್ ಆದೇಶ ಹೊರಡಿಸಿತು. ಒಟ್ಟು ಸುಮಾರು 9 ಸಾವಿರ ಎಕರೆ. ಹಕ್ಕುಪತ್ರ ಸಿಗುವ ದಿನ ಬಂತೆಂದು ಊರುಗಳಲ್ಲಿ ಸಂಭ್ರಮ. ಆದರೆ ಆದೇಶ ಹೊರಡಿಸುವ ಮೊದಲು ಕೇಂದ್ರದ ಅನುಮತಿ ಪಡೆದಿರಲಿಲ್ಲ. ವಿಷಯ ಹೈಕೋರ್ಟಿಗೆ ಹೋಯಿತು. 2021ರಲ್ಲಿ ಆದೇಶಗಳು ರದ್ದಾದವು. ನ್ಯಾಯಾಲಯವನ್ನು ದೂರಿ ಪ್ರಯೋಜನವಿಲ್ಲ. ಕಾಯಿದೆ ಓದಿದ ಯಾರಿಗೂ ಇದು ಹೀಗೆಯೇ ಆಗುತ್ತದೆಂದು ಮೊದಲೇ ಗೊತ್ತಾಗುವಂತಿತ್ತು. ದುಡುಕಿನಿಂದ ಕೊಟ್ಟ ಹಕ್ಕುಪತ್ರ, ಕೊಡದೇ ಇದ್ದುದಕ್ಕಿಂತ ಹೆಚ್ಚು ನೋಯಿಸಿತು. 2022ರ ನವೆಂಬರ್ 28ರಂದು ಆಯನೂರಿನಿಂದ ಶಿವಮೊಗ್ಗದವರೆಗೆ ಮುಳುಗಡೆಯವರು ಪಾದಯಾತ್ರೆ ಮಾಡಿದರು. ಮೊಮ್ಮಕ್ಕಳ ಕೈ ಹಿಡಿದು ನಡೆಯುವ ವಯಸ್ಸಾಗಿತ್ತು ಕೆಲವರಿಗೆ. ಹಾಗೆ ರಾಜ್ಯ ಸರ್ಕಾರ ಮತ್ತೆ ಸರ್ವೆಯ ದಾರಿಗೆ, ದಿಲ್ಲಿಯ ದಾರಿಗೆ ಬರಬೇಕಾಯಿತು.

ಕಾಡು ಉಳಿಯಬೇಕೆನ್ನುವವರ ಮಾತಿಗೂ ಬೆಲೆ ಇದೆ. ಇದೇ ಕಣಿವೆ ಸಿಂಗಳೀಕಗಳ ತವರು. 1972ರಲ್ಲಿ ಘೋಷಿತವಾದ ಶರಾವತಿ ಕಣಿವೆ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕದ ಹೆಸರಿನಲ್ಲೇ ಕರೆಯಲಾಯಿತು. ಮುಳುಗಡೆಯ ಹೆಸರು ಹೇಳಿಕೊಂಡು ನಿನ್ನೆ ಮೊನ್ನೆ ಬೇಲಿ ಹಾಕಿದವರೂ ಸಾಲಿನಲ್ಲಿ ಸೇರಿಕೊಳ್ಳುತ್ತಾರೆಂಬ ಆತಂಕ ಪೂರಾ ಸುಳ್ಳಲ್ಲ. ಯಾರು ಮುಳುಗಡೆಯವರು, ಯಾರು ಅಲ್ಲ? ಇದನ್ನು ಬೆಂಗಳೂರಿನ ಕಡತ ಹೇಳಲಾರದು. ಊರಿಗೆ ಗೊತ್ತು.

ಊರು ಬರೆಯುವ ನಕ್ಷೆ

ಊರಿಗೆ ಗೊತ್ತಿರುವುದನ್ನು ದಾಖಲೆಯಾಗಿಸಲು ಕಾಯಿದೆಯೇ ಒಂದು ದಾರಿ ತೆರೆದಿದೆ. 2006ರ ಅರಣ್ಯ ಹಕ್ಕು ಕಾಯಿದೆ ಅದು. ಈ ಕಾಯಿದೆಯಲ್ಲಿ ಅರ್ಜಿಯನ್ನು ಮೊದಲು ನೋಡುವವನು ತಹಶೀಲ್ದಾರನಲ್ಲ, ಗ್ರಾಮಸಭೆ. ಸಭೆ ತನ್ನೊಳಗಿಂದ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆರಿಸುತ್ತದೆ. ಅದರಲ್ಲಿ ಮೂರನೇ ಒಂದು ಪಾಲಾದರೂ ಮಹಿಳೆಯರಿರಬೇಕು. ಸಭೆಗೆ ಅರ್ಧದಷ್ಟು ಸದಸ್ಯರು ಬರದಿದ್ದರೆ ಕೋರಂ ಇಲ್ಲ. ಬಂದವರಲ್ಲೂ ಮೂರನೇ ಒಂದು ಪಾಲು ಹೆಂಗಸರಿರಬೇಕು. ಅರಣ್ಯ ಮತ್ತು ಕಂದಾಯ ಇಲಾಖೆಯವರು ಸ್ಥಳ ಪರಿಶೀಲನೆಗೆ ಬಂದಾಗ ಜೊತೆಗೆ ಸಮಿತಿಯವರು ನಡೆಯುತ್ತಾರೆ.

ಏನು ಗುರುತಿಸಬೇಕು? ಮನೆ ಮತ್ತು ಗದ್ದೆ ಎಲ್ಲರಿಗೂ ನೆನಪಾಗುತ್ತವೆ. ಮರೆತುಹೋಗುವುದು ಹಂಚಿಕೊಂಡು ಬಾಳುವ ನೆಲ. ದನ ಮೇಯುವ ಜಾಗ, ತೋಟಕ್ಕೆ ಸೊಪ್ಪು ತರುವ ಬೆಟ್ಟ, ದೇವರ ಬನ, ಹೆಣ ಸುಡುವ ಹೊಳೆದಂಡೆ, ಬಾವಿ, ಕೆರೆಗೆ ನೀರು ಬರುವ ಹಳ್ಳ, ಜೇನು ಮುರುಗಲು ಉಪ್ಪಾಗೆ ಸಿಗುವ ಕಾನು. ಪ್ರತಿ ಮನೆಯೂ ತನ್ನ ಎರಡು ಎಕರೆಗೆ ಬೇಲಿ ಹಾಕಿಕೊಂಡು ಹಕ್ಕುಪತ್ರ ಪಡೆದರೆ, ಹತ್ತು ವರ್ಷಕ್ಕೆ ಸ್ಮಶಾನಕ್ಕೆ ಹೋಗಲು ದಾರಿಯಿಲ್ಲದ ಊರಾಗುತ್ತದೆ. ಇಂಥ ಊರುಗಳು ಬಯಲುಸೀಮೆಯಲ್ಲೂ ಇವೆ. ಗೋಮಾಳ ಕರಗಿ ದನ ಕಟ್ಟಿಹಾಕಲೂ ಜಾಗವಿಲ್ಲದ ಊರನ್ನು ಹುಡುಕಲು ದಾವಣಗೆರೆಯಿಂದ ದೂರ ಹೋಗಬೇಕಿಲ್ಲ.

ಇದೇ ಕಾಯಿದೆಯಲ್ಲಿ ಕಡಿಮೆ ಜನ ಗಮನಿಸಿದ ಇನ್ನೊಂದು ಅವಕಾಶವಿದೆ. ಶಾಲೆ, ಅಂಗನವಾಡಿ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ವಿದ್ಯುತ್ ತಂತಿ, ಕೆರೆ, ಕುಡಿಯುವ ನೀರಿನ ಕೊಳವೆ, ರಸ್ತೆ, ಸಮುದಾಯ ಭವನ ಮುಂತಾದ 13 ಬಗೆಯ ಸೌಕರ್ಯಗಳಿಗೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದೆ, ಬಳಸಬಹುದು. ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕು. ಅಂದರೆ ಶಾಲೆ ಎಲ್ಲಿರಬೇಕು, ರಸ್ತೆ ಯಾವ ಮನೆಗಳ ಮುಂದೆ ಹೋಗಬೇಕು ಎಂದು ಮೊದಲು ಊರು ಕೂತು ಯೋಚಿಸಬೇಕು. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆ ತಯಾರಾಗುವಾಗ ಈ ನಕ್ಷೆ ಮುಂದಿದ್ದರೆ ಹಣ ಬಂದಾಗ ಜಾಗ ಹುಡುಕುವ ಪಾಡಿಲ್ಲ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗರು ಶೌಚಾಲಯ, ಆಟದ ಮೈದಾನ ಕೇಳುತ್ತಾರೆ. ಮೈದಾನಕ್ಕೆ ನೆಲ ಯಾವುದು ಎಂಬ ಪ್ರಶ್ನೆಗೆ ಮುಳುಗಡೆಯ ಊರಿನಲ್ಲಿ ಉತ್ತರ ಸಿಗುವುದು ಈ ನಕ್ಷೆಯಲ್ಲೇ.

ಆದರೆ ಕಾಯಿದೆಯಲ್ಲಿ ಒಂದು ಗಂಟೂ ಇದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಎಂದರೆ 75 ವರ್ಷ, ಅರಣ್ಯವಾಸಿಗಳಾಗಿದ್ದುದನ್ನು ತೋರಿಸಬೇಕು. ಲೆಕ್ಕ ಹಾಕಿ ನೋಡಿ: 1930ರಿಂದ ಇರಬೇಕು. ಮುಳುಗಡೆಯವರು ಹೊಸ ಜಾಗಕ್ಕೆ ಬಂದದ್ದೇ 1960ರ ಸುಮಾರಿಗೆ. ಸರ್ಕಾರವೇ ಎಬ್ಬಿಸಿ ತಂದು ಕೂರಿಸಿದವರನ್ನು ‘ನೀವು ಇಲ್ಲಿಗೆ ತಡವಾಗಿ ಬಂದಿರಿ’ ಎಂದು ಕೇಳುವುದು ಎಂಥ ನ್ಯಾಯ? ಕಾಯಿದೆ ಮಾಡಿದವರಿಗೂ ಇಂಥವರ ನೆನಪು ಇಲ್ಲದಿರಲಿಲ್ಲ. ಸರ್ಕಾರದ ಯೋಜನೆಗಳಿಗಾಗಿ ಪರಿಹಾರದ ಭೂಮಿ ಇಲ್ಲದೆ ಎದ್ದವರಿಗೆ, ಸ್ವಾಧೀನವಾದ ನೆಲ ಐದು ವರ್ಷದೊಳಗೆ ಉದ್ದೇಶಿತ ಕೆಲಸಕ್ಕೆ ಬಳಕೆಯಾಗದಿದ್ದರೆ, ಹಕ್ಕು ಸಿಗಬೇಕೆಂದು ಅದರ 4ನೇ ಸೆಕ್ಷನ್ ಹೇಳುತ್ತದೆ. 2013ರ ಭೂಸ್ವಾಧೀನ ಕಾಯಿದೆಯ 101ನೇ ಸೆಕ್ಷನ್ ಕೂಡ ಅದರಡಿ ಪಡೆದು ಐದು ವರ್ಷ ಬಳಸದೆ ಬಿಟ್ಟ ನೆಲ ಮೂಲ ಒಡೆಯನಿಗೋ ಅವನ ವಾರಸುದಾರರಿಗೋ ಸರ್ಕಾರದ ಭೂಬ್ಯಾಂಕಿಗೋ ಹೋಗಬೇಕೆನ್ನುತ್ತದೆ. ಲಿಂಗನಮಕ್ಕಿಯ ತಳ ಅಂಥ ನೆಲವಲ್ಲ. ಅದು ಈಗಲೂ ನೀರು ಹಿಡಿಯುತ್ತಿದೆ. ಆದ್ದರಿಂದ ಬಹುಪಾಲು ಕುಟುಂಬಗಳಿಗೆ ಉಳಿದದ್ದು 1980ರ ಕಾಯಿದೆಯಡಿ ಕೇಂದ್ರದ ಅನುಮತಿ ಎಂಬ ಉದ್ದದ ದಾರಿ. ಆ ದಾರಿಯಲ್ಲೂ ಮೊದಲು ಕೇಳುವುದು ಸರ್ವೆ ಮತ್ತು ಪಟ್ಟಿಯನ್ನೇ.

ಹತ್ತಿರದ ಮತ್ತು ದೂರದ ಉದಾಹರಣೆ

ಯೋಚಿಸಿ ಮಾಡಿದ ಪುನರ್ವಸತಿ ಹೇಗಿರುತ್ತದೆಂದು ನೋಡಲು ದಾವಣಗೆರೆಯಿಂದ ಹೆಚ್ಚು ದೂರವೇನೂ ಹೋಗಬೇಕಿಲ್ಲ. ಭದ್ರಾ ಅಭಯಾರಣ್ಯದೊಳಗಿದ್ದ ಹಳ್ಳಿಗಳ ಸುಮಾರು 400 ಕುಟುಂಬಗಳು 2002ರ ಹೊತ್ತಿಗೆ ಹೊರಬಂದವು. ಅದು ಅಣೆಕಟ್ಟಿನ ಕೆಲಸವಲ್ಲ, ಹುಲಿ ಕಾಡಿನ ಕೆಲಸ. ಆದರೆ ಅಲ್ಲಿ ಬದಲಿ ನೆಲ ಮೊದಲು ಸಿದ್ಧವಾಯಿತು, ಜನ ಆಮೇಲೆ ಎದ್ದರು. ತರೀಕೆರೆ ತಾಲ್ಲೂಕಿನ ಮಳಲಿ ಚನ್ನೇನಹಳ್ಳಿಯಲ್ಲಿ, ಎಂ.ಸಿ. ಹಳ್ಳಿ ಎಂದು ಎಲ್ಲರೂ ಕರೆಯುವ ಕಡೆ, ನೀರಾವರಿ ಇರುವ ಜಮೀನು ಸಿಕ್ಕಿತು. ಶರಾವತಿಯಲ್ಲಿ ಈ ಕ್ರಮ ತಲೆಕೆಳಗಾಗಿತ್ತು. ಆಲಮಟ್ಟಿಯ ಹಿನ್ನೀರಿಗಾಗಿ ಬಾಗಲಕೋಟೆಯ ಪಕ್ಕದಲ್ಲಿ ಎದ್ದ ನವನಗರ ಸೆಕ್ಟರುಗಳಾಗಿ ಅಳತೆ ಮಾಡಿ ಕಟ್ಟಿದ ಊರು; ರಸ್ತೆ ಅಗಲ, ನಿವೇಶನದ ಲೆಕ್ಕ ಪಕ್ಕಾ. ಹಳೆಯ ಓಣಿಯ ನೆರೆಹೊರೆ ಮಾತ್ರ ಯಾವ ನೀಲನಕ್ಷೆಯಲ್ಲೂ ಬರುವುದಿಲ್ಲ.

ದೂರದ ಉದಾಹರಣೆ ಅಮೆರಿಕದ್ದು. ಕ್ಯಾಲಿಫೋರ್ನಿಯ ಮತ್ತು ಆರೆಗಾನ್ ಗಡಿಯ ಕ್ಲಾಮತ್ ನದಿಯಲ್ಲಿ ನಾಲ್ಕು ಜಲವಿದ್ಯುತ್ ಅಣೆಕಟ್ಟುಗಳಿದ್ದವು. ಅವುಗಳಲ್ಲಿ ಹಳೆಯದು ಕಾಪ್ಕೋ, 1918ರದ್ದು. ಅದಕ್ಕಾಗಿ ಶಾಸ್ತಾ ಎಂಬ ಮೂಲನಿವಾಸಿ ಜನರ ಕಣಿವೆ ಸರ್ಕಾರಿ ಬಲದಿಂದ ಸ್ವಾಧೀನವಾಗಿ ನೀರಿನಡಿ ಹೋಗಿತ್ತು. ಅಣೆಕಟ್ಟುಗಳು ಹಳೆಯದಾಗಿ, ಸಾಲ್ಮನ್ ಮೀನಿನ ದಾರಿ ಕಟ್ಟಿದ್ದ ಅವುಗಳನ್ನು ದುರಸ್ತಿ ಮಾಡುವುದಕ್ಕಿಂತ ಕೆಡವುವುದೇ ಲಾಭವೆಂದಾಗಿ, 2024ರಲ್ಲಿ ನಾಲ್ಕನ್ನೂ ಕೆಡವಿ ಮುಗಿಸಲಾಯಿತು. ಅದೇ ವರ್ಷದ ಜೂನ್‌ನಲ್ಲಿ ಕ್ಯಾಲಿಫೋರ್ನಿಯ ಸರ್ಕಾರ ಸುಮಾರು 2,800 ಎಕರೆಯನ್ನು ಶಾಸ್ತಾ ಜನರಿಗೆ ಹಿಂದಿರುಗಿಸುವುದಾಗಿ ಪ್ರಕಟಿಸಿತು. ಅಮೆರಿಕದ ಕೇಂದ್ರ ಸರ್ಕಾರದ ಅಧಿಕೃತ ಬುಡಕಟ್ಟುಗಳ ಪಟ್ಟಿಯಲ್ಲಿ ಶಾಸ್ತಾ ಇಂಡಿಯನ್ ನೇಶನ್ನಿನ ಹೆಸರಿಲ್ಲ ಎಂಬುದನ್ನು ಮುಳುಗಡೆಯವರು ಕೇಳಿದರೆ ಅವರಿಗೆ ತಮ್ಮದೇ ಕಥೆ ನೆನಪಾದೀತು. ನೂರು ವರ್ಷ ನೀರಿನಡಿ ಇದ್ದ ಕೆಸರಿನ ಮೇಲೆ ಅಲ್ಲಿಯ ಹುಲ್ಲು, ಗಿಡಗಳ ನೂರಾರು ಕೋಟಿ ಬೀಜ ಚೆಲ್ಲಲಾಯಿತು. ಅಣೆಕಟ್ಟು ಹೋದ ಕೆಲವೇ ವಾರಗಳಲ್ಲಿ ಸಾಲ್ಮನ್‌ಗಳು ಮೇಲಕ್ಕೆ ಈಜಿ ಬಂದವು.

ಲಿಂಗನಮಕ್ಕಿಯನ್ನು ಕೆಡವಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಬದಲಿಗೆ ಅದೇ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದು ತೀವ್ರ ವಿರೋಧಕ್ಕೆ ಕಾರಣವಾಯಿತು. ಹಳೆಯ ಯೋಜನೆಯ ಲೆಕ್ಕ ಚುಕ್ತಾ ಆಗದೆ ಹೊಸ ಯೋಜನೆಯ ಮಾತು ಬಂದರೆ ಆ ಸೀಮೆಯ ಜನ ಹೆದರುವುದರಲ್ಲಿ ಆಶ್ಚರ್ಯವಿಲ್ಲ.

ಯಾರು ಸಾಕ್ಷಿ?

ಅರಣ್ಯ ಹಕ್ಕಿನ ನಿಯಮಗಳಲ್ಲಿ ಪುರಾವೆಗಳ ಪಟ್ಟಿಯೊಂದಿದೆ. ಎರಡಾದರೂ ಪುರಾವೆ ಒದಗಿಸಬೇಕು. ಸರ್ಕಾರಿ ದಾಖಲೆ, ಮತದಾರರ ಪಟ್ಟಿ, ರೇಷನ್ ಕಾರ್ಡು ಮಾತ್ರವಲ್ಲ. ಮನೆ, ಬಾವಿ, ಸಮಾಧಿ, ಪೂಜೆಯ ಜಾಗ, ವಂಶವೃಕ್ಷ ಇವೂ ಪುರಾವೆಗಳೇ. ಮತ್ತೊಂದು, ಊರ ಹಿರಿಯರು ಹೇಳಿ ಬರೆಸಿದ ಹೇಳಿಕೆ. ಓದು ಬರಹ ಬಾರದ ಮುದುಕಿಯ ನೆನಪಿಗೂ ಕಾಯಿದೆ ಇಷ್ಟು ಗೌರವ ಕೊಟ್ಟದ್ದು ಅಪರೂಪ. ಕೇಂದ್ರದ ಅನುಮತಿಯ ದಾರಿ ಹಿಡಿದರೂ, ಯಾವ ಮುಳುಗಿದ ಊರಿನ ಯಾವ ಮನೆಯವರು ಈಗ ಯಾವ ಸರ್ವೆ ನಂಬರಿನಲ್ಲಿದ್ದಾರೆ ಎಂಬ ಪಟ್ಟಿ ಕಟ್ಟಲು ಬೇರೆ ಆಧಾರವೇನಿದೆ?

1960ರಲ್ಲಿ ಲಾರಿಯ ಹಿಂಬದಿಯಲ್ಲಿ ಕೂತು ಬಂದ ಹತ್ತು ವರ್ಷದ ಹುಡುಗನಿಗೆ 2025ರಲ್ಲಿ 75 ತುಂಬಿತು. ಹಳೆಯ ಊರಿನ ಗದ್ದೆಯ ಬದು, ಹೊಳೆಯ ಹೆಸರು, ಯಾರ ಮನೆಯ ಪಕ್ಕ ಯಾರ ಮನೆ ಎಂದು ಹೇಳಬಲ್ಲವರು ಆ ಪ್ರಾಯದವರು ಮತ್ತು ಅವರಿಗಿಂತ ಹಿರಿಯರು. ಕೆಲಸ ದೊಡ್ಡದೇನಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು, ರಜೆಯಲ್ಲಿ ಊರಿಗೆ ಬಂದ ಪಿಯುಸಿ ಹುಡುಗಿ ಇದ್ದರೆ ಸಾಕು. ಆದರೆ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ: ಹೇಳಿಕೆ ಕೊಡುವ ಹಿರಿಯರು ಅರ್ಜಿದಾರರೇ ಆಗಿರಬಾರದು. ಅಜ್ಜ ತನ್ನ ತೋಟಕ್ಕೆ ತಾನೇ ಸಾಕ್ಷಿ ಹೇಳುವಂತಿಲ್ಲ. ಪಕ್ಕದ ಮನೆಯ ಅಜ್ಜನಿಗೆ ಇವರು, ಇವರಿಗೆ ಅವರು. ಸಭೆ ಕರೆದ ದಿನ ಇಬ್ಬರೂ ಇರಬೇಕು.